ಲೈಬ್ರರಿಯಲ್ಲಿ ಇಲ್ಲದ ಡಯೋಡ್: ಎಲ್‌ಟಿಸ್ಪೈಸ್‌ಗೆ ನಾನೇ ಮಾಡೆಲ್ ಬರೆದು ಸೇರಿಸಿದ್ದು

ಎಲ್‌ಟಿಸ್ಪೈಸ್ ಅಂದರೆ ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಸಾಫ್ಟ್‌ವೇರ್. ಅದರಲ್ಲಿ ಡಯೋಡ್ ತಂದು ಇಟ್ಟರೆ ಪಕ್ಕದಲ್ಲಿ ಬರೀ ‘ಡಿ’ ಅಂತ ಬರುತ್ತದೆ. ಹಾಗೇ ಬಿಟ್ಟು ರನ್ ಒತ್ತಿದರೂ ಸರ್ಕ್ಯೂಟ್ ಓಡುತ್ತದೆ, ಎರರ್ ಏನೂ ಬರುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಆ ‘ಡಿ’ ಅಂಗಡಿಯಲ್ಲಿ ಸಿಗುವ ಯಾವ ಡಯೋಡೂ ಅಲ್ಲ. ಸೀರೀಸ್ ರೆಸಿಸ್ಟೆನ್ಸ್ ಸೊನ್ನೆ, ಕೆಪಾಸಿಟೆನ್ಸ್ ಸೊನ್ನೆ, ಎಷ್ಟು ರಿವರ್ಸ್ ವೋಲ್ಟೇಜ್ ಕೊಟ್ಟರೂ ಬ್ರೇಕ್‌ಡೌನ್ ಇಲ್ಲ, ಅಂದರೆ ತಡೆ ಮುರಿದು ಕರೆಂಟ್ ಉಲ್ಟಾ ನುಗ್ಗುವುದಿಲ್ಲ. 1 ಆಂಪಿಯರ್ ಹರಿಸಿದರೆ ಸುಮಾರು 0.83 ವೋಲ್ಟ್ ಡ್ರಾಪ್ ತೋರಿಸುತ್ತದೆ.

ನನ್ನ ಹತ್ತಿರ ಇದ್ದದ್ದು ಶಾಟ್ಕಿ ಡಯೋಡ್, ಅಂದರೆ ಡ್ರಾಪ್ ಕಡಿಮೆ ಇರುವ ಬಗೆ. ಬ್ಯಾಟರಿ ಉಲ್ಟಾ ಹಾಕಿದರೂ ಬೋರ್ಡ್ ಸುಡದಿರಲಿ ಅಂತ ಸಪ್ಲೈ ದಾರಿಯಲ್ಲಿ ಕೂರಿಸುವುದಕ್ಕೆ. ಅಲ್ಲಿ ಡ್ರಾಪ್ ಎಷ್ಟು ಅನ್ನುವುದೇ ಮುಖ್ಯ ಅಲ್ವಾ? ಅದು ಲೈಬ್ರರಿಯಲ್ಲಿ ಇರಲಿಲ್ಲ, ತಯಾರಕರು ಮಾಡೆಲ್ ಕೊಟ್ಟಿರಲಿಲ್ಲ. ಹಾಗಾಗಿ ನಾನೇ ಬರೆದೆ.

ಮಾಡೆಲ್ ಅಂದರೆ ಡಯೋಡ್ ಹೇಗೆ ನಡೆದುಕೊಳ್ಳಬೇಕು ಅಂತ ಸಾಫ್ಟ್‌ವೇರ್‌ಗೆ ಹೇಳುವ ಒಂದು ಸಾಲು, ಅಷ್ಟೇ. ‘ಡಾಟ್ ಮಾಡೆಲ್’, ಆಮೇಲೆ ನಾವಿಟ್ಟ ಹೆಸರು, ಇದು ಡಯೋಡ್ ಅಂತ ಹೇಳಲು ಒಂದು ‘ಡಿ’, ಬ್ರಾಕೆಟ್ ಒಳಗೆ ಪ್ಯಾರಾಮೀಟರ್‌ಗಳು. ಹೆಸರಿನಲ್ಲಿ ಖಾಲಿ ಜಾಗ ಇರಬಾರದು. ಸಾಲು ಬರೆಯುವುದು ಸುಲಭ. ಒಳಗೆ ಹಾಕುವ ಅಂಕಿಗಳದ್ದೇ ಕೆಲಸ.

ಫಾರ್ವರ್ಡ್ ಡ್ರಾಪ್ ಸರಿ ಬರಬೇಕಾದರೆ ಮೂರು ಪ್ಯಾರಾಮೀಟರ್ ಸಾಕು: ಐಎಸ್, ಎನ್, ಆರ್‌ಎಸ್. ಮೊದಲನೆಯದು ಸ್ಯಾಚುರೇಶನ್ ಕರೆಂಟ್, ಎರಡನೆಯದು ಡಯೋಡ್ ಎಷ್ಟು ಆದರ್ಶ ಅನ್ನುವ ಅಂಕಿ, ಮೂರನೆಯದು ಒಳಗಿನ ರೆಸಿಸ್ಟೆನ್ಸ್. ಇವುಗಳಿಗೆ ಮೂರು ರೀಡಿಂಗ್ ಬೇಕು. ಡೇಟಾಶೀಟ್ ಗ್ರಾಫಿನಿಂದಲೂ ತೆಗೆಯಬಹುದು, ನಾನು ಮೀಟರ್ ಇಟ್ಟು ಅಳೆದೆ. 1 ಮಿಲಿಆಂಪಿಯರ್‌ಗೆ 200 ಮಿಲಿವೋಲ್ಟ್, 10 ಮಿಲಿಆಂಪಿಯರ್‌ಗೆ 262, 1 ಆಂಪಿಯರ್‌ಗೆ 450. ಕೊನೆಯದನ್ನು ಬೇಗ ಓದಿ ಸಪ್ಲೈ ಆಫ್ ಮಾಡಬೇಕು. ಡಯೋಡ್ ಬಿಸಿಯಾದರೆ ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ.

ಇನ್ನು ಲೆಕ್ಕ. ಕರೆಂಟ್ 10 ಪಟ್ಟು ಆದಾಗ ವೋಲ್ಟೇಜ್ 62 ಮಿಲಿವೋಲ್ಟ್ ಏರಿತು. ಎನ್ ಬೆಲೆ 1 ಇರುವ ಡಯೋಡಿನಲ್ಲಿ, ಎಲ್‌ಟಿಸ್ಪೈಸ್‌ನ ಮಾಮೂಲಿ 27 ಡಿಗ್ರಿಯಲ್ಲಿ, ಅದು ಸುಮಾರು 59.5 ಏರುತ್ತದೆ. 62ನ್ನು 59.5ರಿಂದ ಭಾಗಿಸಿದರೆ ಎನ್ 1.04. ಐಎಸ್‌ಗೆ ಇದೇ 62 ಹಿಡಿದು ಕೆಳಗೆ ಇಳಿಯಬೇಕು. 200 ಮಿಲಿವೋಲ್ಟ್‌ನಲ್ಲಿ 62 ಎಷ್ಟು ಸಲ ಇದೆ? ಸುಮಾರು 3.23 ಸಲ. ಒಂದೊಂದು ಸಲಕ್ಕೂ ಕರೆಂಟ್ 10ರಲ್ಲಿ 1 ಭಾಗ ಆಗುತ್ತದೆ. 1 ಮಿಲಿಆಂಪಿಯರ್‌ನಿಂದ ಹಾಗೆ ಇಳಿದರೆ ಸಿಗುವುದು ಸುಮಾರು 0.6 ಮೈಕ್ರೊಆಂಪಿಯರ್. ಆರ್‌ಎಸ್ ಇನ್ನೂ ಸುಲಭ. 1 ಮಿಲಿಆಂಪಿಯರ್‌ನಿಂದ 1 ಆಂಪಿಯರ್‌ಗೆ 10 ಪಟ್ಟಿನ ಮೂರು ಮೆಟ್ಟಿಲು, ಅಂದರೆ 186 ಮಿಲಿವೋಲ್ಟ್ ಏರಿ 386 ಆಗಬೇಕಿತ್ತು. ಮೀಟರ್ ತೋರಿಸಿದ್ದು 450. ಜಾಸ್ತಿ ಇರುವ 64 ಮಿಲಿವೋಲ್ಟ್ ಒಳಗಿನ ರೆಸಿಸ್ಟೆನ್ಸಿನದ್ದು. 1 ಆಂಪಿಯರ್‌ಗೆ 64 ಮಿಲಿವೋಲ್ಟ್ ಅಂದರೆ 64 ಮಿಲಿಓಮ್.

ಅಂಕಿಯ ಪಕ್ಕದ ಅಕ್ಷರದ ಮೇಲೆ ಕಣ್ಣಿರಲಿ. ಎಲ್‌ಟಿಸ್ಪೈಸ್‌ಗೆ ದೊಡ್ಡ ‘ಎಮ್’ ಆದರೂ ಚಿಕ್ಕ ‘ಎಮ್’ ಆದರೂ ಮಿಲಿಯೇ. ಮೆಗಾ ಬೇಕಾದರೆ ‘ಎಮ್‌ಇಜಿ’ ಅಂತ ಬರೆಯಬೇಕು.

ಈ ಸಾಲನ್ನು ಸಾಫ್ಟ್‌ವೇರ್ ಜೊತೆಗೇ ಬರುವ ಡಯೋಡ್ ಫೈಲಿನ ಕೊನೆಗೆ ಸೇರಿಸುವವರಿದ್ದಾರೆ. ಹಾಗೆ ಮಾಡಿದರೆ ಪಟ್ಟಿಯಲ್ಲೇ ಹೆಸರು ಸಿಗುತ್ತದೆ, ನಿಜ. ಆದರೆ ಅಪ್‌ಡೇಟ್ ಆದಾಗ ಆ ಫೈಲ್ ಬದಲಾಗಿ ನಮ್ಮ ಸಾಲು ಅಳಿಸಿಹೋಗಬಹುದು. ಸರ್ಕ್ಯೂಟ್ ಫೈಲನ್ನು ಬೇರೆಯವರಿಗೆ ಕಳಿಸಿದರೆ ಅವರಲ್ಲಂತೂ ಓಡುವುದೇ ಇಲ್ಲ. ನಾನು ಬೇರೆ ಟೆಕ್ಸ್ಟ್ ಫೈಲ್ ಮಾಡಿ ಸರ್ಕ್ಯೂಟ್ ಇರುವ ಫೋಲ್ಡರಿನಲ್ಲೇ ಇಡುತ್ತೇನೆ. ಸ್ಕೀಮ್ಯಾಟಿಕ್ ಮೇಲೆ ‘ಡಾಟ್ ಇನ್‌ಕ್ಲೂಡ್’ ಅಂತ ಬರೆದು ಫೈಲಿನ ಹೆಸರು ಕೊಡುತ್ತೇನೆ. ಆಮೇಲೆ ಡಯೋಡ್ ಪಕ್ಕದ ‘ಡಿ’ ಮೇಲೆ ರೈಟ್ ಕ್ಲಿಕ್ ಮಾಡಿ ಮಾಡೆಲ್ ಹೆಸರು ಹಾಕಿದರೆ ಆಯಿತು. ಮಾಡೆಲ್ ಸಿಗಲಿಲ್ಲ ಅಂತ ಎರರ್ ಬಂದರೆ ಮೊದಲು ಎರಡೂ ಕಡೆ ಹೆಸರು ಒಂದೇ ಇದೆಯಾ ನೋಡಿ.

ಸೇರಿಸಿದ ಕೂಡಲೇ ದೊಡ್ಡ ಸರ್ಕ್ಯೂಟಿಗೆ ಹಾಕಬೇಡಿ. ಒಂದು ಕರೆಂಟ್ ಸೋರ್ಸ್, ಒಂದು ಡಯೋಡ್, ಗ್ರೌಂಡ್ ಇಷ್ಟೇ ಇಟ್ಟು ಡಿಸಿ ಸ್ವೀಪ್ ಮಾಡಿ. ಅಂದರೆ ಕರೆಂಟನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ವೋಲ್ಟೇಜ್ ನೋಡುವುದು. ಸ್ವೀಪ್ ಬಗೆ ಡೆಕೇಡ್ (10 ಪಟ್ಟಿನ ಲೆಕ್ಕ), 10 ಮೈಕ್ರೊಆಂಪಿಯರ್‌ನಿಂದ 1 ಆಂಪಿಯರ್‌ವರೆಗೆ. ಕೆಳಗಿನ ಅಕ್ಷ ಲಾಗ್‌ನಲ್ಲಿದ್ದರೆ ಗೆರೆ ಬಹಳ ದೂರ ನೇರವಾಗಿ ಹೋಗಿ, 100 ಮಿಲಿಆಂಪಿಯರ್ ಸುತ್ತಮುತ್ತ ಮೇಲಕ್ಕೆ ಬಾಗುತ್ತದೆ. ಆ ಬಾಗು ಆರ್‌ಎಸ್‌ನದ್ದು. ಕರ್ಸರ್ ಇಟ್ಟು ಅಳೆದ ಮೂರೂ ಬಿಂದುಗಳನ್ನು ಹೋಲಿಸಿ ನೋಡಿದೆ, ಕೂತವು.

ಸ್ವಿಚಿಂಗ್ ಸರ್ಕ್ಯೂಟ್ ಆದರೆ ಕೆಪಾಸಿಟೆನ್ಸೂ ಬೇಕು. ಡೇಟಾಶೀಟ್ 4 ವೋಲ್ಟ್ ರಿವರ್ಸ್‌ನಲ್ಲಿ 110 ಪಿಕೊಫ್ಯಾರಡ್ ಅಂದಿದ್ದರೆ ಅದನ್ನೇ ಸಿಜೆಒ ಅಂತ ಹಾಕುವ ಹಾಗಿಲ್ಲ. ಸಿಜೆಒ ಅಂದರೆ 0 ವೋಲ್ಟ್‌ನಲ್ಲಿ ಇರುವ ಬೆಲೆ. ವಿಜೆ (ಜಂಕ್ಷನ್‌ನ ಒಳಗಿನ ವೋಲ್ಟೇಜ್) 0.4, ಎಮ್ (ಇಲ್ಲಿ ಮಿಲಿ ಅಲ್ಲ, ರಿವರ್ಸ್ ವೋಲ್ಟೇಜ್ ಏರಿದ ಹಾಗೆ ಕೆಪಾಸಿಟೆನ್ಸ್ ಎಷ್ಟು ಬೇಗ ಇಳಿಯುತ್ತದೆ ಅನ್ನುವ ಅಂಕಿ) 0.5 ಅಂತ ಹಿಡಿದರೆ, 4ನ್ನು 0.4ರಿಂದ ಭಾಗಿಸಿ 1 ಕೂಡಿಸಿದಾಗ ಬರುವ 11ರ ವರ್ಗಮೂಲದಿಂದ ಗುಣಿಸಬೇಕು, ಸುಮಾರು 365 ಪಿಕೊಫ್ಯಾರಡ್ ಬರುತ್ತದೆ. ಮೂರು ಪಟ್ಟಿಗಿಂತ ಜಾಸ್ತಿ!

ಬಿಸಿಯಲ್ಲಿ ಏನಾಗುತ್ತದೆ ಅಂತ ನೋಡುವುದಿದ್ದರೆ ಇಜಿ ಮರೆಯಬೇಡಿ. ಬಿಸಿಯಾದಂತೆ ಐಎಸ್ ಎಷ್ಟು ಏರಬೇಕು ಅಂತ ಹೇಳುವುದು ಇದು ಮತ್ತು ಎಕ್ಸ್‌ಟಿಐ. ಏನೂ ಬರೆಯದಿದ್ದರೆ ಸಿಲಿಕಾನ್ ಜಂಕ್ಷನ್‌ನ 1.11 ಕೂರುತ್ತದೆ. ಶಾಟ್ಕಿಗೆ ಸಾಮಾನ್ಯವಾಗಿ 0.69, ಎಕ್ಸ್‌ಟಿಐ 2. ಇವನ್ನು ಬಿಟ್ಟರೆ 27 ಡಿಗ್ರಿಯಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ, 80 ಡಿಗ್ರಿಯಲ್ಲಿ ಸುಳ್ಳು ಹೇಳುತ್ತದೆ.

ಲೀಕೇಜ್, ಅಂದರೆ ಉಲ್ಟಾ ದಿಕ್ಕಿನಲ್ಲಿ ಸೋರುವ ಕರೆಂಟ್ ವಿಷಯದಲ್ಲಿ ಮಾತ್ರ ಈ ಒಂದು ಸಾಲನ್ನು ನಾನು ನಂಬುವುದಿಲ್ಲ. ಬ್ರೇಕ್‌ಡೌನ್ ಬರುವ ತನಕ ರಿವರ್ಸ್ ಕರೆಂಟ್ ಹೆಚ್ಚುಕಡಿಮೆ ಐಎಸ್‌ನಷ್ಟಕ್ಕೇ ನಿಲ್ಲುತ್ತದೆ. ನಿಜವಾದ ಶಾಟ್ಕಿಯಲ್ಲಿ ಅದು ವೋಲ್ಟೇಜ್ ಜೊತೆ ಏರುತ್ತದೆ. ಬ್ಯಾಟರಿ ಉಲ್ಟಾ ಆದಾಗ ಹರಿಯುವುದು ಅದೇ ತಾನೇ? ಡೇಟಾಶೀಟ್ ಹೇಳುವ ಲೀಕೇಜ್ ಬರುವಂತೆ ಪಕ್ಕದಲ್ಲಿ ಒಂದು ದೊಡ್ಡ ರೆಸಿಸ್ಟರ್ ಪ್ಯಾರಲಲ್ ಹಾಕಿಕೊಂಡೆ. ಒರಟು ಉಪಾಯ. ಒಂದು ವೋಲ್ಟೇಜಿಗೆ, ಒಂದು ಟೆಂಪರೇಚರ್‌ಗೆ ಸಾಕು.

ನಿಮಗೆ ತಯಾರಕರ ಮಾಡೆಲ್ ಸಿಕ್ಕಿ, ಅದು ‘ಡಾಟ್ ಸಬ್‌ಸರ್ಕಿಟ್’ ರೂಪದಲ್ಲಿದ್ದರೆ (ಒಂದು ಸಾಲಿನ ಬದಲು ಒಳಗೊಂದು ಪುಟ್ಟ ಸರ್ಕ್ಯೂಟ್), ಚಿಹ್ನೆಯ ಮೇಲೆ ಕಂಟ್ರೋಲ್ ಹಿಡಿದು ರೈಟ್ ಕ್ಲಿಕ್ ಮಾಡಿ, ಪ್ರಿಫಿಕ್ಸ್ ‘ಡಿ’ ತೆಗೆದು ‘ಎಕ್ಸ್’ ಹಾಕಿ. ಪಿನ್‌ಗಳ ಕ್ರಮವನ್ನೂ ನೋಡಿ. ಚಿಹ್ನೆಯಲ್ಲಿ ಮೊದಲು ಆನೋಡ್, ಆಮೇಲೆ ಕ್ಯಾಥೋಡ್. ಫೈಲಿನಲ್ಲಿ ಅದಲುಬದಲಾಗಿದ್ದರೆ ಚಿತ್ರದಲ್ಲಿ ಡಯೋಡ್ ಸರಿಯಾಗೇ ಕಾಣುತ್ತದೆ, ಕರೆಂಟ್ ಮಾತ್ರ ಉಲ್ಟಾ ಹರಿಯುತ್ತದೆ.