ಮಂಡ್ಯದ ಬೆಲ್ಲ ಗೂಗಲ್‌ನಲ್ಲಿ ಸಿಗಬೇಕು ಅಂದ್ರೆ ಏನೇನು ಮಾಡಬೇಕು

ನಮ್ಮ ಅಕ್ಕ ಬಾವ ಮಂಡ್ಯದ ಹತ್ತಿರ ಆಲೆಮನೆ ನಡೆಸುತ್ತಾರೆ. ಬೆಲ್ಲ ನೇರವಾಗಿ ಮಾರೋಣ ಅಂತ ಒಂದು ವೆಬ್‌ಸೈಟ್ ಮಾಡಿಸಿದೆವು. ಮೂರು ತಿಂಗಳಾದರೂ ಗೂಗಲ್‌ನಲ್ಲಿ ಹುಡುಕಿಕೊಂಡು ಒಬ್ಬರೂ ಬರಲಿಲ್ಲ. ಬಂದ ಆರ್ಡರೆಲ್ಲ ನೆಂಟರದ್ದು, ವಾಟ್ಸಾಪ್ ಗುಂಪಿನವರದ್ದು. ಕೊನೆಗೆ ಕೂತು ನೋಡಿದರೆ ನಮ್ಮ ಅಂಗಡಿ ಗೂಗಲ್ ಲೆಕ್ಕದಲ್ಲೇ ಇರಲಿಲ್ಲ! ಸೈಟ್ ಕಟ್ಟುವಾಗ ಅರ್ಧ ಕೆಲಸ ಹೊರಗೆ ಕಾಣಬಾರದು ಅಂತ ಒಂದು ಟಿಕ್ ಹಾಕಿದ್ದರು, ಕೆಲಸ ಮುಗಿದ ಮೇಲೆ ಅದನ್ನ ತೆಗೆಯೋದು ಎಲ್ಲರಿಗೂ ಮರೆತುಹೋಗಿತ್ತು.

ಹಾಗಾಗಿ ಮೊದಲು ಇದನ್ನ ನೋಡಿ. ಗೂಗಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಸೈಟ್' ಅಂತ ಬರೆದು, ಒಂದರ ಮೇಲೊಂದು ಇರುವ ಎರಡು ಚುಕ್ಕೆ ಹಾಕಿ, ಜಾಗ ಬಿಡದೆ ನಿಮ್ಮ ವೆಬ್‌ಸೈಟ್ ವಿಳಾಸ ಬರೆಯಿರಿ. ನಿಮ್ಮ ಪುಟಗಳು ಸಾಲಾಗಿ ಬಂದರೆ ಸರಿ. ಏನೂ ಬರದಿದ್ದರೆ ಬಾಗಿಲು ಮುಚ್ಚಿರೋ ಸಾಧ್ಯತೆ ಇದೆ. ಸೈಟ್ ಕಟ್ಟಿರೋದು ವರ್ಡ್‌ಪ್ರೆಸ್‌ನಲ್ಲಿ ಆದರೆ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅನ್ನೋ ಕಡೆ ಆ ಟಿಕ್ ಇರುತ್ತೆ. ಶಾಪಿಫೈ ಆದರೆ ಅಂಗಡಿಗೆ ಹಾಕಿದ ಪಾಸ್‌ವರ್ಡ್ ತೆಗೆದಿದ್ದೀರಾ ನೋಡಿ.

ಆಮೇಲೆ ಗೂಗಲ್ ಸರ್ಚ್ ಕನ್ಸೋಲ್‌ಗೆ ಸೇರಿಕೊಳ್ಳಿ, ಸೈಟ್ ಇಟ್ಟವರಿಗೆ ಅಂತ ಗೂಗಲ್ಲೇ ಕೊಡೋ ಸಾಧನ ಅದು. ಇದಕ್ಕೆ ದುಡ್ಡಿಲ್ಲ. ಸೈಟ್ ನಿಮ್ಮದೇ ಅಂತ ತೋರಿಸಿ, ಸೈಟ್‌ಮ್ಯಾಪ್ ಅಂದರೆ ನಿಮ್ಮ ಪುಟಗಳ ಪಟ್ಟಿ ಇರೋ ಫೈಲಿನ ವಿಳಾಸ ಕೊಡಿ, ಮುಖ್ಯವಾದ ಪುಟಗಳನ್ನ ಒಂದೊಂದಾಗಿ ಕೊಟ್ಟು ಸೇರಿಸಿಕೊಳ್ಳಿ ಅಂತ ಕೇಳಿ. ಇದರ ನಿಜವಾದ ಉಪಯೋಗ ಇನ್ನೊಂದಿದೆ: ಜನ ಏನು ಟೈಪ್ ಮಾಡಿದಾಗ ನಿಮ್ಮ ಅಂಗಡಿ ಕಾಣಿಸಿತು, ಎಷ್ಟು ಜನ ಒತ್ತಿದರು ಅನ್ನೋದನ್ನ 16 ತಿಂಗಳವರೆಗೆ ಹಿಂದಕ್ಕೆ ಹೋಗಿ ನೋಡಬಹುದು. ಅಕ್ಕ ಈಗ ಪ್ರತಿ ಸೋಮವಾರ ಅದನ್ನ ತೆಗೆದು ನೋಡುತ್ತಾಳೆ.

ಈಗ ಮಾತಿನ ವಿಷಯಕ್ಕೆ ಬರೋಣ. ನಾವು ಎಡವಿದ್ದೂ ಇಲ್ಲೇ, ಎದ್ದಿದ್ದೂ ಇಲ್ಲೇ. ನಮ್ಮ ಮೊದಲ ಪುಟದ ತಲೆಬರಹ 'ಪ್ರಕೃತಿಯ ಸಿಹಿ ಉಡುಗೊರೆ' ಅಂತಿತ್ತು. ಕೇಳೋಕೆ ಚೆಂದ. ಆದರೆ ಬೆಲ್ಲ ಬೇಕಾದವರು ಯಾರೂ ಹಾಗೆ ಹುಡುಕಲ್ಲ, ಅಲ್ವಾ? 'ಕೆಮಿಕಲ್ ಇಲ್ಲದ ಬೆಲ್ಲ', 'ಮಂಡ್ಯ ಬೆಲ್ಲ ಆನ್‌ಲೈನ್', 'ಬೆಲ್ಲದ ಪುಡಿ 1 ಕೆಜಿ ಬೆಲೆ' ಅಂತ ಹುಡುಕುತ್ತಾರೆ. ಪುಟದಲ್ಲಿ ಬರೆಯದೇ ಇರೋದನ್ನ ಗೂಗಲ್ ಊಹೆ ಮಾಡಿಕೊಂಡು ತೋರಿಸಲಿ ಅಂತ ಕಾಯಬೇಡಿ. ಈಗ ನಮ್ಮ ತಲೆಬರಹ 'ಮಂಡ್ಯದ ಆಲೆಮನೆ ಬೆಲ್ಲ – ಅಚ್ಚು, ಉಂಡೆ, ಪುಡಿ' ಅಂತ ನೇರವಾಗಿದೆ. ಪ್ರತಿ ಪುಟಕ್ಕೂ ಬೇರೆ ಬೇರೆ ತಲೆಬರಹ ಕೊಡಿ, ಮುಖ್ಯವಾದ ಪದ ಮುಂದೆ ಇರಲಿ, ಉದ್ದ ಆದರೆ ಮೊಬೈಲ್‌ನಲ್ಲಿ ಅರ್ಧಕ್ಕೇ ಕತ್ತರಿಸಿಹೋಗುತ್ತೆ.

ಆ ಮಾತುಗಳು ಎಲ್ಲಿ ಸಿಗುತ್ತವೆ? ಫೋನಿನಲ್ಲಿ! ಅಕ್ಕನಿಗೆ ಒಂದು ನೋಟ್‌ಬುಕ್ ಕೊಟ್ಟು, ಗಿರಾಕಿಗಳು ಏನು ಕೇಳಿದರೂ ಅವರು ಹೇಳಿದ ಹಾಗೇ ಬರೆದಿಡು ಅಂದೆ. ಒಂದೇ ತಿಂಗಳಲ್ಲಿ ಅದು ತುಂಬಿಹೋಯಿತು. ಬೆಲ್ಲ ಯಾಕೆ ಇಷ್ಟು ಕಪ್ಪಗಿದೆ? ಪಾಯಸಕ್ಕೆ ಹಾಕಿದರೆ ಹಾಲು ಒಡೆಯುತ್ತಾ? ಮಳೆಗಾಲದಲ್ಲಿ ನೀರು ಬಿಡುತ್ತಲ್ಲ, ಹೇಗೆ ಇಡೋದು? ಜೋನಿ ಬೆಲ್ಲ ದೋಸೆಗೆ ಚೆನ್ನಾಗಿರುತ್ತಾ? ಫೋನಿನಲ್ಲಿ ಕೇಳೋ ಈ ಜನರೇ ರಾತ್ರಿ ಮನೆಯಲ್ಲಿ ಕೂತು ಗೂಗಲ್‌ಗೂ ಇದನ್ನೇ ಕೇಳುತ್ತಾರೆ.

ಹಾಗಾಗಿ ಒಂದೊಂದು ಪ್ರಶ್ನೆಗೂ ನಮಗೆ ಗೊತ್ತಿರೋ ಉತ್ತರವನ್ನ ನಮ್ಮದೇ ಮಾತಿನಲ್ಲಿ ಬರೆದೆವು. ಬಣ್ಣ ಬಿಳಿಚಿಕೊಳ್ಳಲಿ ಅಂತ ಕೆಲವು ಕಡೆ ಹೈಡ್ರೋಸ್ ಅನ್ನೋ ಕೆಮಿಕಲ್ ಹಾಕುತ್ತಾರೆ, ನಾವು ಹಾಕಲ್ಲ, ಅದಕ್ಕೇ ಬೆಲ್ಲ ಕಂದು. ಕೊಪ್ಪರಿಗೆಯಲ್ಲಿ ಹಾಲು ಕಾಯುವಾಗ ಬೆಂಡೆ ಗಿಡದ ಲೋಳೆ ಬಿಟ್ಟರೆ ಕೊಳೆ ಮೇಲಕ್ಕೆ ಬರುತ್ತೆ, ಬಾವ ಅದನ್ನ ತೆಗೆದು ಹಾಕುತ್ತಾರೆ. ಇಲ್ಲಿ ಹಾಲು ಅಂದರೆ ಕಬ್ಬಿನ ಹಾಲು ಅಂತ ಪುಟದಲ್ಲಿ ಬಿಡಿಸಿ ಹೇಳಬೇಕಾಯಿತು, ಪೇಟೆಯವರಿಗೆ ಗೊತ್ತಾಗಲ್ಲ. ಪಾಯಸ ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಬೆಲ್ಲ ಹಾಕಿ ಅಂತ ಅಕ್ಕ ಎರಡು ಸಾಲು ಬರೆದಳು. 'ಬೆಲ್ಲ ಯಾಕೆ ಕಪ್ಪಗಿದೆ' ಅನ್ನೋ ಆ ಒಂದು ಪುಟಕ್ಕೆ ಇವತ್ತು ನಮ್ಮ ಮೊದಲ ಪುಟಕ್ಕಿಂತ ಜಾಸ್ತಿ ಜನ ಬರುತ್ತಾರೆ. ಇಂಥ ಪುಟದ ಕೊನೆಯಲ್ಲಿ ಆ ಬೆಲ್ಲ ಕೊಳ್ಳೋ ಪುಟಕ್ಕೆ ಲಿಂಕ್ ಕೊಡೋದು ಮರೀಬೇಡಿ.

ಬೇರೆ ಅಂಗಡಿಯ ವಿವರ ನಕಲು ಮಾಡಬೇಡಿ. ಒಂದೇ ಪುಟದಲ್ಲಿ 'ಮಂಡ್ಯ ಬೆಲ್ಲ' ಅಂತ ನಲವತ್ತು ಸಲ ತುರುಕಲೂಬೇಡಿ, ಗೂಗಲ್ ಅದನ್ನ ಸ್ಪ್ಯಾಮ್ ಲೆಕ್ಕಕ್ಕೆ ಹಾಕುತ್ತೆ. ಕೀವರ್ಡ್ಸ್ ಟ್ಯಾಗ್, ಅಂದರೆ ಪುಟದ ಕೋಡ್‌ನಲ್ಲಿ ಹೊರಗೆ ಕಾಣದ ಹಾಗೆ ಹಾಕೋ ಪದಗಳ ಪಟ್ಟಿ, ತುಂಬಿಸಿಕೊಡ್ತೀವಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅದನ್ನ ನಾವು ನೋಡೋದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಕನ್ನಡಕ್ಕೊಂದು ಪುಟ, ಇಂಗ್ಲಿಷ್‌ಗೊಂದು ಪುಟ ಬೇರೆ ಬೇರೆ ವಿಳಾಸದಲ್ಲಿ ಇರಲಿ, ಒಂದರಲ್ಲೇ ಎರಡನ್ನೂ ಕಲಸಬೇಡಿ.

ಫೋಟೋ ವಿಷಯ. ನಮ್ಮ ಕಡೆ ತುಂಬಾ ಅಂಗಡಿಗಳು ಬೆಲೆ, ತೂಕ, ಎಲ್ಲವನ್ನೂ ಬಣ್ಣದ ಪೋಸ್ಟರ್ ಒಳಗೇ ಬರೆದು ಹಾಕುತ್ತಾರೆ. ಚಿತ್ರದೊಳಗಿನ ಅಕ್ಷರವನ್ನ ನಂಬಬೇಡಿ, ಅದೇ ಮಾತನ್ನ ಪುಟದಲ್ಲಿ ಅಕ್ಷರವಾಗಿಯೂ ಟೈಪ್ ಮಾಡಿ. ಪ್ರತಿ ಫೋಟೋಗೆ ಅದರಲ್ಲಿ ಏನಿದೆ ಅಂತ ಹೇಳೋಕೆ ಇರೋ ಆಲ್ಟ್ ಅನ್ನೋ ಜಾಗದಲ್ಲಿ 'ಬಾಳೆ ಎಲೆ ಮೇಲೆ ಅಚ್ಚು ಬೆಲ್ಲ' ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ಫೋನಿನಲ್ಲಿ ತೆಗೆದ ನಾಲ್ಕೈದು ಎಂಬಿ ಫೋಟೋ ಹಾಗೇ ಏರಿಸಿದರೆ ಪುಟ ತೆರೆಯೋದೇ ಇಲ್ಲ, ಚಿಕ್ಕದು ಮಾಡಿ ಹಾಕಿ. ನಮ್ಮ ಹಳ್ಳಿ ಸಿಗ್ನಲ್‌ನಲ್ಲಿ ಒಂದು ಸಲ ತೆರೆದು ನೋಡಿದರೆ ಸಾಕು, ಗೊತ್ತಾಗುತ್ತೆ.

ಗಿರಾಕಿಗಳು ಬಂದು ಕೊಳ್ಳೋ ಜಾಗ ಇದ್ದರೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಸಿ, ಮ್ಯಾಪ್‌ನಲ್ಲಿ ಕಾಣುತ್ತೀರಿ. ಬರೀ ಆನ್‌ಲೈನ್ ಅಂಗಡಿಗೆ ಅದು ಸಿಗಲ್ಲ. ನಮ್ಮ ಆಲೆಮನೆಗೆ ಮೈಸೂರಿಗೆ ಹೋಗೋ ಜನ ಇಳಿದು ಬೆಲ್ಲ ಒಯ್ಯುತ್ತಾರೆ, ಹಾಗಾಗಿ ನಮಗೆ ಆಯಿತು. ಕೊಂಡವರನ್ನ ರಿವ್ಯೂ ಬರೀರಿ ಅಂತ ಬಾಯಿಬಿಟ್ಟು ಕೇಳಿ. ಅದಕ್ಕೆ ಬದಲಾಗಿ ರಿಯಾಯಿತಿ ಕೊಡ್ತೀವಿ ಅನ್ನಬೇಡಿ, ಅದು ನಿಯಮಕ್ಕೆ ವಿರುದ್ಧ.

'ಒಂದೇ ತಿಂಗಳಲ್ಲಿ ಮೊದಲ ಪೇಜ್ ಗ್ಯಾರಂಟಿ' ಅನ್ನೋ ಫೋನು ನಿಮಗೂ ಬರುತ್ತೆ. ನಾವು ಅಂಥವರೊಬ್ಬರಿಗೆ ಹದಿನೈದು ಸಾವಿರ ಕೊಟ್ಟೆವು, ಬಾವನ ಬೆವರಿನ ದುಡ್ಡು. ಅವರು ಯಾವ್ಯಾವುದೋ ದೇಶದ ಸೈಟ್‌ಗಳಿಂದ ಲಿಂಕ್ ಕೊಂಡು ಹಾಕಿದರು. ರ‍್ಯಾಂಕ್ ಏರಿಸೋಕೆ ಲಿಂಕ್ ಕೊಳ್ಳೋದನ್ನ ಗೂಗಲ್ ಒಪ್ಪಲ್ಲ, ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡೋಕೆ ಆಗಲ್ಲ ಅಂತಲೂ ಅದೇ ಹೇಳುತ್ತೆ. ಲಿಂಕ್ ಬೇಕಿದ್ದರೆ ನಿಮ್ಮ ಬೆಲ್ಲದಲ್ಲಿ ಹೋಳಿಗೆ ಮಾಡಿ ವಿಡಿಯೋ ಹಾಕೋ ಅಡುಗೆಯವರಿಗೆ ಒಂದು ಕೆಜಿ ಕೊಟ್ಟು ರುಚಿ ನೋಡಿ ಅನ್ನಿ. ಬರೆಯಲೇಬೇಕು ಅಂತ ಷರತ್ತು ಹಾಕಬೇಡಿ, ಇಷ್ಟ ಆದರೆ ಅವರೇ ಬರೆಯುತ್ತಾರೆ.

ಇನ್ನು ಸಮಯ. ಮಾಡಿದ ಕೆಲಸ ಫಲ ಕೊಡೋಕೆ ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಸಂಕ್ರಾಂತಿಗೆ ಎಳ್ಳು ಬೆಲ್ಲ ಹುಡುಕೋರು ಜನವರಿ ಮೊದಲ ವಾರದಲ್ಲಿ ಬರುತ್ತಾರೆ ಅಂತ ಆಗ ಪುಟ ಮಾಡಿದರೆ ಹಬ್ಬ ಮುಗಿದಿರುತ್ತೆ. ಗಣೇಶ ಹಬ್ಬಕ್ಕೂ ಮೊದಲೇ ಮಾಡಿಡಿ. ಹಬ್ಬ ಆದ ಮೇಲೆ, ಸರಕು ಖಾಲಿಯಾಯಿತು ಅಂತ ಆ ಪುಟವನ್ನ ಅಳಿಸಬೇಡಿ. 'ಮುಂದಿನ ಸಂಕ್ರಾಂತಿಗೆ ಮತ್ತೆ ಬರುತ್ತೆ' ಅಂತ ಒಂದು ಸಾಲು ಹಾಕಿ, ವಿಳಾಸ ಬದಲಾಯಿಸದೆ ಹಾಗೇ ಬಿಡಿ. ಮುಂದಿನ ವರ್ಷ ಬೆಲೆ, ಫೋಟೋ ಬದಲಾಯಿಸಿದರೆ ಆಯಿತು.