ಹರಾಜುಕು ಪಕ್ಕದ ಕಾಡಿನ ಗುಡಿ

ಟೋಕಿಯೋಗೆ ಬಂದ ನಮ್ಮವರು ಒಂದೆರಡು ತಿಂಗಳಲ್ಲೇ ಕೇಳತೊಡಗುತ್ತಾರೆ: ಈ ರೈಲು, ಈ ನೂಕುನುಗ್ಗಲಿನ ನಡುವೆ ಮನಸ್ಸು ತಣ್ಣಗಾಗುವ ಜಾಗ ಎಲ್ಲಿದೆ? ನಾನು ಮೇಜಿ ಜಿಂಗುಗೆ ಕಳಿಸುತ್ತೇನೆ. ಅದು ಹರಾಜುಕು ಬಡಾವಣೆಯ ಪಕ್ಕದ ಕಾಡಿನೊಳಗಿರುವ, ಜಪಾನಿನ ಶಿಂತೋ ಧರ್ಮದ ಗುಡಿ. ನಿಶಿಕಸಾಯಿಯಲ್ಲಿ ಮನೆ ಮಾಡಿದ್ದರೆ ತೋಜಾಯ್ ಮಾರ್ಗದಲ್ಲಿ ಓತೆಮಾಚಿಗೆ ಬಂದು, ಚಿಯೋದಾ ಮಾರ್ಗ ಹಿಡಿದು, ಮೇಜಿ ಜಿಂಗುಮಾಯೆಯಲ್ಲಿ ಇಳಿಯಿರಿ. ಪ್ರವೇಶಕ್ಕೆ ಹಣವಿಲ್ಲ.

ಹೊರಗೆ ಹರಾಜುಕುವಿನ ಜಾತ್ರೆ, ಕ್ರೇಪ್ ಅಂಗಡಿ, ಬಣ್ಣಬಣ್ಣದ ಕೂದಲು. ಸೇತುವೆ ದಾಟಿದರೆ ಮರದ ತೋರಿ, ಅಂದರೆ ಮಹಾದ್ವಾರ. ಅಲ್ಲಿ ಒಮ್ಮೆ ತಲೆಬಾಗಿ ಒಳಗೆ ಹೋಗಿ. ದಾರಿಯ ನಡುಭಾಗ ದೇವರದ್ದು. ನಾವು ಅಂಚಿನಲ್ಲಿ ನಡೆಯಬೇಕು.

ಈ ಕಾಡು ಪುರಾತನ ಎಂದು ನಾನು ಬಹಳ ದಿನ ನಂಬಿದ್ದೆ. ಅಲ್ಲವಂತೆ. ಮೇಜಿ ಚಕ್ರವರ್ತಿ ಮತ್ತು ಶೋಕೆನ್ ಮಹಾರಾಣಿಗಾಗಿ 1920ರಲ್ಲಿ ಗುಡಿ ಕಟ್ಟಿದ ಕಾಲಕ್ಕೆ, ಜಪಾನಿನ ಮೂಲೆಮೂಲೆಯಿಂದ ಜನ ಕಳಿಸಿದ ಸುಮಾರು ಒಂದು ಲಕ್ಷ ಗಿಡಗಳನ್ನು 70 ಹೆಕ್ಟೇರಿನಲ್ಲಿ ನೆಟ್ಟರು. ಮುಂದೆ ಅದು ತನ್ನಷ್ಟಕ್ಕೆ ಕಾಡಾಗಬೇಕೆಂದು ಬಿಟ್ಟರು. ಕೊಡಗಿನ ದೇವರಕಾಡು ಕಡಿಯದೆ ಬಿಟ್ಟದ್ದು. ಇದು ನೆಟ್ಟು ಬಿಟ್ಟದ್ದು. ಗುಡಿಯ ಕಟ್ಟಡ 1945ರ ಬಾಂಬ್ ದಾಳಿಯಲ್ಲಿ ಸುಟ್ಟು, 1958ರಲ್ಲಿ ಮತ್ತೆ ಎದ್ದಿತು. ಬೆಳಿಗ್ಗೆ ಹೋದರೆ ಅಗಲವಾದ ಪೊರಕೆ ಹಿಡಿದು ದಾರಿ ಗುಡಿಸುವವರು ಸಿಗುತ್ತಾರೆ. ತರಗೆಲೆಯನ್ನು ಕಸದ ಗಾಡಿಗೆ ತುಂಬುವುದಿಲ್ಲ, ಮತ್ತೆ ಕಾಡಿಗೇ ಹಾಕುತ್ತಾರೆ. ಕಾಡಿನದು ಕಾಡಿಗೆ.

ಗುಡಿಯ ಮುಂದೆ ನೀರಿನ ತೊಟ್ಟಿ. ಸೌಟಿನಿಂದ ಎಡಗೈ, ಆಮೇಲೆ ಬಲಗೈ ತೊಳೆದು, ಎಡ ಅಂಗೈಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಬೇಕು. ಸೌಟನ್ನು ತುಟಿಗೆ ತಾಗಿಸಬಾರದು. ಮೊದಲ ಸಲ ನಾನು ಅಭ್ಯಾಸಬಲದಿಂದ ಅದನ್ನು ತೀರ್ಥವೆಂದು ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡೆ. ಪಕ್ಕದಲ್ಲಿದ್ದ ಅಜ್ಜಿ ಏನೂ ಅನ್ನಲಿಲ್ಲ. ಸೌಟು ಎತ್ತಿಕೊಂಡು, ನನಗೆ ಕಾಣುವ ಹಾಗೆ, ಎಲ್ಲವನ್ನೂ ನಿಧಾನವಾಗಿ ಮಾಡಿದರು. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿ, ಉಳಿದ ನೀರು ಹಿಡಿಯ ಮೇಲೆ ಇಳಿಯುವಂತೆ ಮಾಡಿ, ಮುಂದಿನವರಿಗಾಗಿ ಬೋರಲಿಟ್ಟರು. ಇಲ್ಲಿನ ಪಾಠವೆಲ್ಲ ಹೀಗೆಯೇ, ಬಾಯಿಮಾತಿಲ್ಲದೆ.

ಚಪ್ಪಲಿ ಬಿಡುವ ಗೊಡವೆಯಿಲ್ಲ. ಕಾಯಿ, ಕರ್ಪೂರ, ಮಂಗಳಾರತಿ ಯಾವುದನ್ನೂ ನಿರೀಕ್ಷಿಸಬೇಡಿ. ಕಣ್ತುಂಬ ನೋಡಲು ಮೂರ್ತಿಯೂ ಇಲ್ಲ. ಡಬ್ಬಿಗೆ ನಾಣ್ಯ ಹಾಕಿ, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮನಸ್ಸಿನಲ್ಲಿ ಹೇಳಿಕೊಂಡು, ಮತ್ತೊಮ್ಮೆ ಬಾಗಿದರೆ ಮುಗಿಯಿತು. ತೂತಿರುವ ಐದು ಯೆನ್ ನಾಣ್ಯ ಒಳ್ಳೆಯದು. ಜಪಾನಿ ಭಾಷೆಯಲ್ಲಿ ‘ಗೊಎನ್’ ಎಂದರೆ ಐದು ಯೆನ್ನೂ ಹೌದು, ಋಣಾನುಬಂಧವೂ ಹೌದು. ಗರ್ಭಗುಡಿಯತ್ತ ಮೊಬೈಲ್ ಎತ್ತಬೇಡಿ. ಹರಕೆಯ ಮರದ ಹಲಗೆ, ಎಮಾ, ಕೊಂಡರೆ ಕನ್ನಡದಲ್ಲೇ ಬರೆಯಿರಿ. ಒಮಿಕುಜಿ ಎಂಬ ಅದೃಷ್ಟದ ಚೀಟಿಯಲ್ಲಿ ಮಾತ್ರ ಇಲ್ಲಿ ಭವಿಷ್ಯ ಸಿಗುವುದಿಲ್ಲ. ಚಕ್ರವರ್ತಿ ಅಥವಾ ಮಹಾರಾಣಿ ಬರೆದ ಕವಿತೆ ಸಿಗುತ್ತದೆ. ನನಗೆ ಅದೇ ವಾಸಿ.

ಬಾಗಿಲು ಸೂರ್ಯೋದಯಕ್ಕೆ ತೆರೆದು ಸೂರ್ಯಾಸ್ತಕ್ಕೆ ಮುಚ್ಚುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನದ ಊಟ ಮುಗಿಸಿ ನಿಧಾನವಾಗಿ ಹೊರಟರೆ ಕೆಟ್ಟಿರಿ. ಹೊಸ ವರ್ಷದ ಮೊದಲ ದಿನಗಳಲ್ಲಂತೂ ಲಕ್ಷಗಟ್ಟಲೆ ಜನ. ಮೊದಲ ಭೇಟಿಗೆ ಅದು ಬೇಡ. ವಾರದ ನಡುವೆ ಬೆಳಿಗ್ಗೆಯೇ ಹೋಗಿ. ಮದುವೆ ನೋಡುವ ಆಸೆಯಿದ್ದರೆ ಮಾತ್ರ ಶನಿವಾರ, ಭಾನುವಾರ. ದೊಡ್ಡ ಕೆಂಪು ಕೊಡೆಯ ಕೆಳಗೆ ಬಿಳಿ ಕಿಮೊನೊದ ವಧು ಅಂಗಳ ದಾಟುತ್ತಾಳೆ, ಹಿಂದೆ ಬಂಧುಗಳ ಸಾಲು. ದಾರಿ ಬಿಟ್ಟು ನಿಲ್ಲಿ. ವಾಲಗ ಕೇಳಿ ಬೆಳೆದ ಕಿವಿ ಗಟ್ಟಿಮೇಳಕ್ಕಾಗಿ ಸ್ವಲ್ಪ ಹೊತ್ತು ಕಾಯುತ್ತದೆ.