ಮಾಡಿಫೈ ಮಾಡಿದ ಹಳೆ ಕಾರಿಗೆ ನಾನು ಅಂಕ ಹಾಕುವ ಬಗೆ

ಪ್ರದರ್ಶನ ಶುರುವಾಗುವುದು ಒಂಬತ್ತಕ್ಕೆ. ನಾನು ಆರೂವರೆಗೇ ಮೈದಾನದ ಗೇಟಿನ ಹತ್ತಿರ ನಿಂತಿರುತ್ತೇನೆ. ಕಾರುಗಳು ಒಳಗೆ ಬರುವುದನ್ನು ನೋಡದೆ ಅಂಕ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದೆಯಾ, ಬ್ರೇಕ್ ಒತ್ತಿದಾಗ ಒಂದು ಪಕ್ಕಕ್ಕೆ ಎಳೆಯುತ್ತದಾ, ಹಂಪ್ ಇಳಿದಾಗ ಕೆಳಗೆ ಏನಾದರೂ ಬಡಿಯುತ್ತದಾ, ಇವೆಲ್ಲ ಆಗಲೇ ಗೊತ್ತಾಗಬೇಕು. ಸಾಲಾಗಿ ನಿಲ್ಲಿಸಿ ಒರೆಸಿ ಫಳಫಳ ಮಾಡಿದ ಮೇಲೆ ಎಲ್ಲ ಕಾರೂ ಚೆನ್ನಾಗಿಯೇ ಕಾಣುತ್ತವೆ.

ಗ್ಯಾರೇಜಿನಲ್ಲಿ ಮೂವತ್ತು ವರ್ಷ ಕಳೆದವನು ನಾನು. ಬೆಂಗಳೂರಿನ ಕೂಟವೊಂದು ಮೊದಲು ನನಗೆ ಒಪ್ಪಿಸಿದ್ದು ರಿಸ್ಟೋರ್ ಮಾಡಿದ ಕಾರುಗಳ ವಿಭಾಗ. ಅಲ್ಲಿ ದಾರಿ ಸಲೀಸು. ಕಾರ್ಖಾನೆಯಿಂದ ಹೊರಟಾಗ ಹೇಗಿತ್ತೋ ಅದೇ ಅಳತೆಗೋಲು, ತಪ್ಪಿದ ಕಡೆಯೆಲ್ಲ ಅಂಕ ಕಳೆಯುತ್ತ ಹೋದರಾಯಿತು. ಮಾಡಿಫೈಡ್ ವಿಭಾಗಕ್ಕೆ ಬಂದಾಗ ಕೈಯಲ್ಲಿ ಆ ಕೋಲೇ ಇರಲಿಲ್ಲ. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಕಾರಿನ ಕಾಲದಲ್ಲೇ ಆದ ಮಾರ್ಪಾಡನ್ನೂ ಆಮೇಲಿನದ್ದನ್ನೂ ಬೇರೆಬೇರೆಯಾಗಿ ನೋಡುತ್ತದೆ. ಆ ಭೇದವನ್ನು ನಾನೂ ಇಟ್ಟುಕೊಂಡೆ. ಉಳಿದದ್ದನ್ನು ಕಾರುಗಳ ಕೆಳಗೆ ಮಲಗಿ ಕಲಿತೆ.

ಒಂದು ಅಂಬಾಸಿಡರ್ ಮಾರ್ಕ್ 2 ಬಂದಿತ್ತು. ಮೂಲದ 1489 ಸಿಸಿ ಎಂಜಿನ್ ತೆಗೆದು 1817 ಸಿಸಿಯ ಇಸುಜು ಎಂಜಿನ್, ಐದು ಗೇರಿನ ಬಾಕ್ಸ್ ಕೂರಿಸಿದ್ದರು. ಇದೇ ಎಂಜಿನ್ನನ್ನು ಹಿಂದುಸ್ತಾನ್ ಮೋಟಾರ್ಸ್‌ನವರೇ ಮುಂದೆ ಅಂಬಾಸಿಡರಿಗೂ ಕಾಂಟೆಸ್ಸಾಕ್ಕೂ ಹಾಕಿದ್ದರು, ಹಾಗಾಗಿ ಒಂದೇ ಮನೆಯ ಸಾಮಾನು. ಆ ಆಯ್ಕೆಯೇ ನನಗೆ ಮೆಚ್ಚುಗೆಯಾಯಿತು. ಬಾನೆಟ್ ಎತ್ತಿದಾಗ ನಾನು ಎಂಜಿನ್ನಿನ ಕ್ರೋಮ್ ನೋಡಲಿಲ್ಲ, ಮೌಂಟಿಂಗ್ ನೋಡಿದೆ. ಬ್ರಾಕೆಟ್ಟುಗಳು ದಪ್ಪ ಪ್ಲೇಟಿನವು, ವೆಲ್ಡಿಂಗ್ ಉದ್ದಕ್ಕೂ ಸಮ. ಮಾರ್ಕ್ 2ಕ್ಕೆ ಇದ್ದದ್ದು ಸ್ಟೀರಿಂಗ್ ಪಕ್ಕದ ಗೇರ್ ಲಿವರ್. ಅದನ್ನು ಫ್ಲೋರ್ ಗೇರ್ ಮಾಡಲು ಫ್ಲೋರ್ ಕತ್ತರಿಸಿದ್ದರು, ಕತ್ತರಿಸಿದ ಅಂಚಿಗೆ ಪಟ್ಟಿ ಕೊಟ್ಟು ಗಟ್ಟಿ ಮಾಡಿದ್ದರು. ಕಾರ್ಪೆಟ್ಟಿನ ಅಡಿಯಲ್ಲಿ ಮುಚ್ಚಿಹೋಗುವ ಕೆಲಸ ಅದು. ಅಲ್ಲಿಯೂ ಕೈ ಬಿಗಿಹಿಡಿಯದ ಟಿಂಕರ್ ಯಾರೋ ದೊಡ್ಡ ಕೆಲಸಗಾರನೇ ಇರಬೇಕು.

"ಬ್ರೇಕು?" ಅಂದೆ. ಮಾಲೀಕರು, ಅರವತ್ತು ದಾಟಿದವರು, "ಮುಂದಿನ ಎರಡಕ್ಕೂ ಡಿಸ್ಕ್ ಹಾಕಿಸಿದೀನಿ ಸಾರ್, ಬೂಸ್ಟರ್ ಇದೆ" ಅಂದರು. ನಾನು ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ಎಂಜಿನ್ ದೊಡ್ಡದಾದರೆ ಆ ಹೆಚ್ಚಿನ ವೇಗವನ್ನು ನಿಲ್ಲಿಸುವವರು ಯಾರು, ಹೆಚ್ಚಿನ ಬಿಸಿಯನ್ನು ಕಳೆಯುವ ರೇಡಿಯೇಟರ್ ಎಲ್ಲಿ, ಹೆಚ್ಚಿನ ಎಳೆತವನ್ನು ಹೊರುವ ಹಿಂದಿನ ಆಕ್ಸಲ್ ಯಾವುದು? ಒಂದನ್ನು ಬದಲಿಸಿದರೆ ಅದರ ಭಾರ ಇನ್ನೊಂದರ ಮೇಲೆ ಬೀಳುತ್ತದೆ. ಆ ಸರಪಳಿಯನ್ನು ಎಲ್ಲಿಯವರೆಗೆ ಹಿಡಿದು ಹೋಗಿದ್ದಾರೆ ಎನ್ನುವುದಕ್ಕೆ ನನ್ನ ಹಾಳೆಯಲ್ಲಿ ನೂರಕ್ಕೆ ಅರವತ್ತು ಅಂಕ. ಬಾಡಿ, ಪೇಂಟು, ಸೀಟು, ವೈರಿಂಗು ಎಲ್ಲ ಸೇರಿ ನಲವತ್ತು.

ಇದನ್ನು ನಾನು ತಪ್ಪು ಮಾಡಿಯೇ ಕಲಿತದ್ದು. ಒಂದು ವರ್ಷ ಪ್ರೀಮಿಯರ್ ಪದ್ಮಿನಿಯೊಂದಕ್ಕೆ ಮೊದಲ ಸ್ಥಾನ ಕೊಟ್ಟೆ. ಅಗಲದ ಟೈರು, ಕೆಳಗಿಳಿಸಿದ ಸಸ್ಪೆನ್ಷನ್, ಕನ್ನಡಿಯಂಥ ಪೇಂಟು. ಸಂಜೆ ಮೈದಾನದಿಂದ ಹೊರಗೆ ಹೋಗಲು ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಬ್ರೇಕ್ ಹೋಸಿಗೆ, ಅಂದರೆ ಬ್ರೇಕಿನ ಎಣ್ಣೆ ಹರಿಯುವ ರಬ್ಬರ್ ಕೊಳವೆಗೆ, ಉಜ್ಜಿತು. ನೋಡಿದರೆ ಹೋಸಿನ ರಬ್ಬರ್ ಸವೆದು ಒಳಗಿನ ನೂಲು ಕಾಣುತ್ತಿತ್ತು. ಆ ಕಾರಿನಲ್ಲಿ ಇಬ್ಬರು ಮಕ್ಕಳು ಕೂತಿದ್ದರು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಆಮೇಲಿನಿಂದ ಪ್ರತಿ ಕಾರಿನ ಸ್ಟೀರಿಂಗನ್ನೂ ಎರಡೂ ಕಡೆ ಕೊನೆಯವರೆಗೆ ತಿರುಗಿಸಲು ಹೇಳಿ, ಟಾರ್ಚ್ ಹಿಡಿದು ಮಡ್‌ಗಾರ್ಡಿನ ಒಳಗೆ ನೋಡುತ್ತೇನೆ.

ಜೊತೆಗೆ ಒಂದು ಟಾರ್ಪಾಲು, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಇರುತ್ತವೆ. ಪುಟ್ಟಿ ದಪ್ಪವಾಗಿ ಬಳಿದ ಕಡೆ ಅಯಸ್ಕಾಂತ ಕಚ್ಚುವುದಿಲ್ಲ. ಮಾಲೀಕರ ಅಪ್ಪಣೆ ಕೇಳಿಯೇ ಮುಟ್ಟುತ್ತೇನೆ. ಮೊದಲ ಮೂರು ಕಾರುಗಳಿಗೆ ಅಂಕ ಬರೆಯದೆ ಸುಮ್ಮನೆ ಸುತ್ತು ಹಾಕುತ್ತೇನೆ, ಇಲ್ಲವಾದರೆ ಮೊದಲ ಕಾರಿಗೆ ಕೈ ಬಿಗಿಯಾಗಿ ಕೊನೆಯದಕ್ಕೆ ಸಡಿಲವಾಗುತ್ತದೆ.

ಕಾಗದಪತ್ರವನ್ನೂ ಕೇಳುತ್ತೇನೆ. ಎಂಜಿನ್ ಬದಲಿಸಿದ್ದು ಆರ್‌ಸಿಯಲ್ಲಿ ದಾಖಲಾಗಿರಬೇಕು. 2021ರ ನಿಯಮದಂತೆ ಐವತ್ತು ವರ್ಷ ದಾಟಿದ ವಾಹನಕ್ಕೆ ಸಿಗುವ 'ವಿಎ' (ವಿಂಟೇಜ್) ನಂಬರು ಚಾಸಿ, ಬಾಡಿ, ಎಂಜಿನ್ ಮೂಲದಂತೆ ಉಳಿದಿದ್ದರೆ ಮಾತ್ರ. ಮಾಡಿಫೈ ಮಾಡುವ ಮೊದಲೇ ಇದನ್ನು ಹೇಳುವವರು ಇಲ್ಲ, ಆಮೇಲೆ ಕೊರಗುವವರು ಬಹಳ. ಹಾಗಾಗಿ ಹುಡುಗರು ಸಿಕ್ಕಿದಾಗಲೆಲ್ಲ ಹೇಳುತ್ತೇನೆ: ತೆಗೆದ ಎಂಜಿನ್ನನ್ನು ಗುಜರಿಗೆ ಹಾಕಬೇಡಿ, ಎಣ್ಣೆ ಹಚ್ಚಿ ಮೂಲೆಯಲ್ಲಿಡಿ.

ಕಳೆದ ಸಲ ಸ್ಟ್ಯಾಂಡರ್ಡ್ ಹೆರಾಲ್ಡ್ ತಂದಿದ್ದ ಹುಡುಗ ಫಲಿತಾಂಶ ಕೇಳಿ ಮುಖ ಬಾಡಿಸಿಕೊಂಡು ಬಂದ. "ಅಂಕಲ್, ಮೂರು ವರ್ಷ ದುಡಿದಿದೀನಿ, ಏನು ಕಮ್ಮಿ ಆಯ್ತು ಹೇಳಿ." ಹೆರಾಲ್ಡಿನ ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ, ತೋರಿಸುವುದು ಸುಲಭ. ಬ್ಯಾಟರಿಯ ದಪ್ಪ ವೈರು ತಗಡಿನ ತೂತಿನಲ್ಲಿ ಗ್ರಾಮೆಟ್ (ಅಂಚಿಗೆ ಹಾಕುವ ರಬ್ಬರ್ ಬಳೆ) ಇಲ್ಲದೆ ಹೋಗಿತ್ತು. ಬೆರಳಿನಿಂದ ಸವರಲು ಹೇಳಿದೆ. ಇನ್ಸುಲೇಷನ್ ಆಗಲೇ ಸವೆದು ಕಚ್ಚು ಬಿದ್ದಿತ್ತು, ಒಳಗಿನ ತಂತಿ ತಗಡಿಗೆ ತಾಗಿದರೆ ಬೆಂಕಿಯೇ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬ್ಯಾಟರಿಯ ಕನೆಕ್ಷನ್ ಬಿಚ್ಚಿಟ್ಟು, ಗ್ರಾಮೆಟ್ ಎಲ್ಲಿ ಸಿಗುತ್ತದೆ ಅಂತ ಕೇಳಿದ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳು ಅಂತ ಹೇಳಿ, ಅವನ ಅಂಕದ ಹಾಳೆಯ ಹಿಂದೆ ತೂತಿನ ಅಳತೆ ಬರೆದುಕೊಟ್ಟೆ.